ಹದಿಮೂರನೆಯ ಅಂಗಿ ಮತ್ತು ಕಿಟಕಿಯ ಸೀಟು

ಬೆಳಿಗ್ಗೆ ಅಕ್ಕಲಕೋಟ ರೋಡಿನಿಂದ ಸೋಲಾಪುರಕ್ಕೆ ಹೋಗುವ ಪ್ಯಾಸೆಂಜರ್ ಗಾಡಿಯಲ್ಲಿ, ಹಿಂದಿನಿಂದ ಮೂರನೆಯ ಬೋಗಿಯ ಎಡಗಡೆಯ ಕಿಟಕಿಯ ಸೀಟು ನನ್ನದು. ರೈಲ್ವೆಯವರು ಬರೆದುಕೊಟ್ಟಿದ್ದಲ್ಲ, ಹತ್ತೊಂಬತ್ತು ವರ್ಷ ಅಲ್ಲೇ ಕುಳಿತು ಸಂಪಾದಿಸಿದ್ದು. ಹೊಸಬರು ಯಾರಾದರೂ ಅಲ್ಲಿ ಕುಳಿತಿದ್ದರೆ ನಾನು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಎದುರು ನಿಂತು ಅವರ ತಲೆಯ ಮೇಲಿನ ಫ್ಯಾನನ್ನೇ ನೋಡುತ್ತಿರುತ್ತೇನೆ. ತಿಲಾಟಿ ಸ್ಟೇಶನ್ ಬರುವಷ್ಟರಲ್ಲಿ ಅವರೇ ಎದ್ದು ಬೇರೆ ಕಡೆ ಹೋಗುತ್ತಾರೆ.

ಸೋಲಾಪುರದ ಒಂದು ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಅಲ್ಲಿ ದಿನಪೂರ್ತಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಇರಬೇಕು, ಗಾಡಿಯಲ್ಲಿ ನಾನು ಸ್ವಲ್ಪ ಹೆಚ್ಚು ಮಾತಾಡುತ್ತೇನೆ. ನನ್ನನ್ನು ಸಹಿಸಿಕೊಳ್ಳುವವರು ಮುಖ್ಯವಾಗಿ ಮೂವರು. ದುಧನಿಯಲ್ಲೇ ಹತ್ತಿ ಟವೆಲ್ ಹಾಸಿ ನಮಗೆಲ್ಲ ಜಾಗ ಹಿಡಿಯುವ ಮಾಸ್ತರರು, ಕನ್ನಡ ಸಾಲೆಯಲ್ಲಿ ಗಣಿತ ಕಲಿಸುವವರು. ಚಾದರ ಕಾರಖಾನೆಯಲ್ಲಿ ಮಗ್ಗ ರಿಪೇರಿ ಮಾಡುವ ಪೈಲ್ವಾನ ಕಾಕಾ, ಮಣ್ಣಿನ ಕುಸ್ತಿಯಲ್ಲಿ ಎರಡೂ ಕಿವಿ ಮುದುಡಿಸಿಕೊಂಡವರು. ಮತ್ತು ಆಸ್ಪತ್ರೆಯ ಸಿಸ್ಟರ್‌ಬಾಯಿ. ಇವರು ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ.

ಮುಕ್ಕಾಲು ತಾಸಿನ ಈ ಪ್ರಯಾಣದಲ್ಲಿ ನಮ್ಮದು ದಿನಕ್ಕೊಂದು ವಾದ. ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟಬೇಕೋ, ಮಿಕ್ಸರಿಗೆ ಹಾಕಿದರೂ ನಡೆಯುತ್ತದೋ ಎಂಬುದರ ಮೇಲೆ ಒಂದು ವಾರ ನಡೆದದ್ದಿದೆ. ಯಾರಾದರೂ ರಜೆಯ ಮೇಲಿದ್ದರೆ ಅವರಿಗೆ ತಪ್ಪಿಹೋಗಬಾರದೆಂದು ಸಿಸ್ಟರ್‌ಬಾಯಿ ವಾದವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನಮ್ಮ ವಾಟ್ಸಪ್ ಗುಂಪಿಗೆ ಹಾಕುತ್ತಾರೆ.

ಈ ವಾದಗಳಿಗೆ ಒಂದೇ ಒಂದು ಕಾನೂನು. ತನ್ನವರ ಪರವಾಗಿ ಯಾರೂ ಮಾತಾಡುವಂತಿಲ್ಲ. ಮಾತಾಡಲೇಬೇಕೆಂದರೆ ವಿರುದ್ಧ ಮಾತಾಡಬೇಕು. ತಪ್ಪಿದವರು ಆ ಕ್ಷಣವೇ ಸೀಟು ಬಿಟ್ಟು ಸೋಲಾಪುರದವರೆಗೆ ನಿಲ್ಲಬೇಕು. ಇದನ್ನು ಮಾಡಿದವರು ಮಾಸ್ತರರು, ಮಾಡಲು ಕಾರಣರಾದವರೂ ಮಾಸ್ತರರೇ. ಒಂದು ಕಾಲದಲ್ಲಿ ಅವರು ಮಗನ ಹತ್ತನೆಯ ತರಗತಿಯ ಮಾರ್ಕುಗಳನ್ನು ವಿಷಯವಾರು ಓದಿ ಹೇಳುತ್ತಿದ್ದರು. ನಾಲ್ಕನೆಯ ದಿನ ಪೈಲ್ವಾನ ಕಾಕಾ ಎದ್ದು ಬೇರೆ ಬೋಗಿಗೆ ಹೋಗಿ ಕುಳಿತರು. ಮಾಸ್ತರರಿಗೆ ನಾಚಿಕೆಯಾಗಿ, ಮರುದಿನವೇ ಈ ಕಾನೂನು ಹೊರಡಿಸಿದರು. ಅಂದಿನಿಂದ ಬೋಗಿಯಲ್ಲಿ ಶಾಂತಿ ನೆಲೆಸಿದೆ. ಪೈಲ್ವಾನ ಕಾಕಾ ಒಮ್ಮೆ ಮರೆತು ಹೆಂಡತಿ ಮಾಡಿದ ಹೋಳಿಗೆಯನ್ನು ಹೊಗಳಿ ತಿಲಾಟಿಯಿಂದ ಸೋಲಾಪುರದವರೆಗೆ ನಿಂತರು. ಸಿಸ್ಟರ್‌ಬಾಯಿ ಗ್ರಾಮ ಪಂಚಾಯತಿಗೆ ನಿಂತ ತಮ್ಮ ಮೈದುನನ ವಿರುದ್ಧ ಎಷ್ಟು ಚೆನ್ನಾಗಿ ಮಾತಾಡಿದರೆಂದರೆ, ಅವನಿಗೆ ಮತ ಹಾಕುವ ಹಕ್ಕು ನಮಗಿಲ್ಲವಲ್ಲ ಎಂದು ನಮಗೆಲ್ಲ ಸಮಾಧಾನವೇ ಆಯಿತು.

ಈ ಕಾನೂನು ನನ್ನ ಕೊರಳಿಗೇ ಬರುತ್ತದೆಂದು ನಾನು ಎಣಿಸಿರಲಿಲ್ಲ.

ನನಗೆ ಒಬ್ಬಳೇ ಮಗಳು. ಮೂರು ವರ್ಷ ಸೋಲಾಪುರದ ಕಾಲೇಜಿಗೆ ಇದೇ ಗಾಡಿಯಲ್ಲಿ, ನನ್ನ ಮತ್ತು ಸಿಸ್ಟರ್‌ಬಾಯಿಯ ನಡುವೆ ಕುಳಿತು ಹೋಗಿಬಂದಳು. ಕಬಡ್ಡಿ ಅವಳಿಗೆ ನನ್ನಿಂದ ಬಂದದ್ದು. ನಾನು ನಮ್ಮೂರ ತಂಡದಲ್ಲಿ ಲೆಫ್ಟ್ ಕಾರ್ನರ್ ಆಡುತ್ತಿದ್ದೆ. ನನ್ನ ಕಾಲುಹಿಡಿತದ ಬಗ್ಗೆ ಮಂಗಳವೇಢೆಯವರೆಗೂ ಹೆಸರಿತ್ತು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಹೇಳುವವರು ಈಗ ಬೇರೆ ಯಾರೂ ಉಳಿದಿಲ್ಲ. ಜೋಳದ ರಾಶಿ ಮುಗಿದ ಕಣದಲ್ಲಿ ಸುಣ್ಣದ ಗೆರೆ ಎಳೆದು, ಆರು ವರ್ಷದ ಮಗಳಿಗೆ ನಾನು ಕಲಿಸಿದ್ದು ಒಂದೇ ಮಾತು: ಕಾಲು ಕಂಡರೆ ಬಿಡಬೇಡ. ಹನ್ನೆರಡು ವರ್ಷವಾಗುವ ಹೊತ್ತಿಗೆ ಅವಳು ನನ್ನನ್ನೇ ಕೆಡವುತ್ತಿದ್ದಳು. ನನ್ನ ಹೆಂಡತಿ ಅಂಗಳದಲ್ಲಿ ನಿಂತು, ಇಬ್ಬರಲ್ಲಿ ಯಾರ ಬಟ್ಟೆ ಮೊದಲು ಒಗೆಯಬೇಕೆಂದು ಯೋಚಿಸುತ್ತಿದ್ದಳು.

ಕಾಲೇಜಿಗೆ ಹೋದ ಮೊದಲ ವರ್ಷವೇ ಅಲ್ಲಿನ ಕ್ರೀಡಾ ಶಿಕ್ಷಕರು ಅವಳನ್ನು ರಗ್ಬಿಗೆ ಎಳೆದರು. ಜಿಲ್ಲಾ ತಂಡಕ್ಕೆ ಹುಡುಗಿಯರು ಸಾಲುತ್ತಿರಲಿಲ್ಲ, ಕಬಡ್ಡಿಯವರು ಬೀಳಲು ಹೆದರುವುದಿಲ್ಲ ಎಂಬುದು ಅವರ ಲೆಕ್ಕ. ಅವಳು ಆ ಮೊಟ್ಟೆಯಾಕಾರದ ಚೆಂಡನ್ನು ಮೊದಲ ಸಲ ಬೋಗಿಗೆ ತಂದ ದಿನ ನೆನಪಿದೆ. ಪೈಲ್ವಾನ ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಣ್ಣಾಗಿದೆಯೇ ಎಂದು ನೋಡುವವರ ಹಾಗೆ ಒತ್ತಿದರು.

"ಇದನ್ನ ತಗೊಂಡು ಮುಂದ ಓಡಬೇಕು, ಕಾಕಾ. ಆದ್ರ ಕೊಡೋದು ಮಾತ್ರ ಹಿಂದಿನವರಿಗೇ ಕೊಡಬೇಕು. ಕೈಲಿಂದ ಮುಂದ ಒಗಿಯಂಗಿಲ್ಲ," ಎಂದಳು ಮಗಳು.

"ಮುಂದ ಓಡೋದು, ಹಿಂದ ಕೊಡೋದು! ಇದ್ಯಾತರ ಆಟ ಅವ್ವಾ?"

"ನಿಮ್ಮಪ್ಪನ ಆಫೀಸಿನ ಫೈಲಿನಂಗ ಅದ," ಎಂದರು ಮಾಸ್ತರರು. ಬೋಗಿಯೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಮಾಸ್ತರರಿಗೆ ಅಂದು ಚಟ್ನಿ ಕೊಡಲಿಲ್ಲ.

ಮಗಳು ಏರುತ್ತಾ ಹೋದಳು. ಜಿಲ್ಲೆ, ರಾಜ್ಯ, ಆಮೇಲೆ ಕಳೆದ ವರ್ಷ ದೇಶದ ಹೆಣ್ಣುಮಕ್ಕಳ ತಂಡದ ಆಯ್ಕೆಗೆ ನಡೆಯುವ ಮೂರು ವಾರಗಳ ಶಿಬಿರ. ಪೂರ್ವದ ಕಡೆಯ ಒಂದು ಊರಲ್ಲಿ ಅದು. ಹೋಗುವಾಗ ಅವಳೇ ನಮಗೆ ಲೆಕ್ಕ ಬಿಡಿಸಿ ಹೇಳಿದಳು. ತಂಡದಲ್ಲಿ ಹದಿನೈದು ಜನ. ಅವರಲ್ಲಿ ಇಬ್ಬರು ಸೆಂಟರ್, ಅಂದರೆ ನಡುವಿನವರು. ಹನ್ನೆರಡನೆಯ ಅಂಗಿ ತೊಟ್ಟವಳು ಒಳಗಿನವಳು, ಹದಿಮೂರನೆಯದು ಹೊರಗಿನವಳು. ಹನ್ನೆರಡು ಒಬ್ಬ ಹಿರಿಯ ಆಟಗಾರ್ತಿಗೆ ಖಾಯಂ. ಹದಿಮೂರಕ್ಕೆ ಇಬ್ಬರು ಉಳಿದಿದ್ದರು: ನನ್ನ ಮಗಳು ಮತ್ತು ಒಡಿಶಾದ ಒಬ್ಬ ಹುಡುಗಿ.

ಅವಳು ಹೋದ ದಿನದಿಂದ ಬೋಗಿಯಲ್ಲಿ ಬೇರೆ ವಿಷಯವೇ ಇಲ್ಲ. ಚಟ್ನಿ, ಪಂಚಾಯತಿ, ಹೋಟಗಿ ಜಂಕ್ಷನ್ನಿನಲ್ಲಿ ಗಾಡಿ ಯಾಕೆ ಸುಮ್ಮನೆ ನಿಲ್ಲುತ್ತದೆಂಬ ಹಳೆಯ ಪ್ರಶ್ನೆ, ಎಲ್ಲ ಮೂಲೆಗೆ ಬಿದ್ದವು. ಶಿಬಿರದಲ್ಲಿ ಅವರವರೇ ಎರಡು ತಂಡವಾಗಿ ಆಡಿದ ಪಂದ್ಯಗಳ ವಿಡಿಯೋಗಳನ್ನು ಮಗಳು ಕಳಿಸುತ್ತಿದ್ದಳು. ಸಿಸ್ಟರ್‌ಬಾಯಿ ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ಇಡುವರು, ಹಿಂದಿನ ಸೀಟಿನವರೂ ಬಗ್ಗಿ ನೋಡುವರು. ಎರಡನೆಯ ವಾರದ ಒಂದು ಮಂಗಳವಾರ ಮಾಸ್ತರರು ವಿಧಿವತ್ತಾಗಿ ವಿಷಯ ಮಂಡಿಸಿದರು: ಹದಿಮೂರನೆಯ ಅಂಗಿ ಯಾರಿಗೆ ಕೊಡಬೇಕು?

ಪೈಲ್ವಾನ ಕಾಕಾ ಕೂಡಲೇ ನನ್ನ ಮಗಳ ಪರ ನಿಂತರು. "ಆಕಿ ಮಂದಿ ನಡಕ ಹೊಕ್ಕಳಂದ್ರ ಎಣ್ಣಿ ಹಚ್ಚಿದ ಪೈಲ್ವಾನ ಪಟ್ಟಿನಿಂದ ಜಾರಿದಂಗ ಜಾರತಾಳ. ಆ ಒಡಿಶಾದಾಕಿ ನೋಡ್ರಿ, ನಿಂತಽ ಇರತಾಳ. ನಿಂತವರನ್ನ ಅಖಾಡಾದಾಗ ಯಾರು ಕೇಳ್ತಾರ?" ಸಿಸ್ಟರ್‌ಬಾಯಿಯೂ ಆ ಕಡೆಯೇ. "ನಮ್ಮ ಪೋರಿ ಎಷ್ಟು ಮಂದೀನ ಕೆಡವ್ಯಾಳ ಅಂತ ನಾ ಎಣಿಸೀನಿ. ಕಮಾಲ ಹುಡುಗಿ, ಖರಂಚ!" ಮಾಸ್ತರರು ತೀರ್ಪುಗಾರರು, ಆದರೂ ತಲೆಯಾಡಿಸುತ್ತಿದ್ದರು. ಹಿಂದಿನ ಸೀಟಿನವರೂ ನಮ್ಮ ಕಡೆ. ಒಂದೇ ಪಕ್ಷವಿದ್ದರೆ ವಾದ ಹೇಗಾಗುತ್ತದೆ?

"ವಿರುದ್ಧ ಯಾರರೆ ಬೇಕಲ್ರಿ," ಎಂದು ಮಾಸ್ತರರು ನನ್ನ ಕಡೆ ತಿರುಗಿದರು. "ಕಾನೂನು ಗೊತ್ತದ. ಮಾತಾಡಿದ್ರ ನೀವು ಆ ಹುಡುಗಿ ಪರ ಮಾತಾಡಬೇಕು. ಇಲ್ಲಾಂದ್ರ ಸುಮ್ಮ ಕುಂಡ್ರಬೇಕು."

ಸುಮ್ಮನೆ ಕೂರುವುದು ನನ್ನಿಂದಾಗುವ ಕೆಲಸವಲ್ಲ. ಅದೂ ರಗ್ಬಿಯ ವಿಷಯದಲ್ಲಿ, ಇಡೀ ಬೋಗಿಯಲ್ಲಿ ಆ ಆಟದ ನಿಯಮ ಓದಿಕೊಂಡವನು ನಾನೊಬ್ಬನೇ ಇರುವಾಗ! ಮೊದಲು ಏನಾದರೂ ಬಾಯಿಗೆ ಬಂದದ್ದು ಹೇಳಿ ಮುಗಿಸೋಣವೆಂದುಕೊಂಡೆ. ಆದರೆ ಪೈಲ್ವಾನ ಕಾಕಾ ಆ ಹುಡುಗಿಯನ್ನು "ನಿಂತೇ ಇರುತ್ತಾಳೆ" ಎಂದದ್ದು ನನ್ನನ್ನು ಕೆಣಕಿತು. ಆಟ ಗೊತ್ತಿಲ್ಲದವರು ತೀರ್ಪು ಕೊಟ್ಟರೆ ನನಗೆ ಮೈ ಉರಿಯುತ್ತದೆ.

"ಆಕಿ ನಿಂತಿರಂಗಿಲ್ಲ ಕಾಕಾ, ಕಾಯ್ತಿರತಾಳ," ಎಂದೆ.

ಊಟದ ಡಬ್ಬಿಗಳನ್ನೆಲ್ಲ ತೆಗೆಸಿ ಸೀಟಿನ ಮೇಲೆ ಸಾಲಾಗಿ ಇಟ್ಟೆ. ಮಾಸ್ತರರ ಡಬ್ಬಿ ಹನ್ನೆರಡು, ನನ್ನದು ಹದಿಮೂರು, ಅದರಾಚೆ ಗೆರೆಯ ಹತ್ತಿರ ಸಿಸ್ಟರ್‌ಬಾಯಿಯ ಚಟ್ನಿ ಡಬ್ಬಿ, ಅದು ವಿಂಗರ್. ಎದುರಾಳಿಗಳಾಗಿ ಮೂರು ನಿಂಬೆಹಣ್ಣು. "ನೋಡ್ರಿ, ಎದುರಿನಾಕಿ ಚೆಂಡು ಹಿಡಕೊಂಡು ಓಡಿ ಬರತಾಳ. ಹದಿಮೂರು ಏನು ಮಾಡಬೇಕು? ತನ್ನ ಜಾಗಾ ಬಿಡಬಾರದು. ಒಳಗಿನಾಕಿನ್ನ ಹನ್ನೆರಡು ಹಿಡೀತಾಳ. ಹದಿಮೂರು ಹೊರಗಿನಾಕಿನ್ನ ಕಾಯಬೇಕು. ನನ್ನ ಮಗಳು ಏನು ಮಾಡ್ತಾಳ? ಕಾಲು ಕಂಡ ಕೂಡಲೆ ಒಳಗ ಧುಮುಕತಾಳ." ನನ್ನ ಡಬ್ಬಿಯನ್ನು ಒಳಗಿನ ನಿಂಬೆಹಣ್ಣಿನ ಮೇಲೆ ತಳ್ಳಿದೆ. "ಕಾಲೇನೋ ಸಿಗ್ತು. ಆದ್ರ ಆಕಿ ಬೀಳೋ ಮೊದಲ ಚೆಂಡು ಹೊರಗಿನಾಕಿಗೆ ಕೊಟ್ಟಬಿಟ್ಟಳು. ಈಗ ಇಲ್ಲಿ ಯಾರದಾರ? ಚಟ್ನಿ ಡಬ್ಬಿ ಒಂದು, ಎದುರಿಗೆ ಇಬ್ಬರು. ಹೋತು ಪಾಯಿಂಟು."

ಹಿಂದಿನ ಸೀಟಿನವರು ಎದ್ದು ಬಂದು ಡಬ್ಬಿಗಳ ಮೇಲೆ ಬಗ್ಗಿದರು. ನನಗೆ ಹುರುಪು ಬಂತು. ಇಷ್ಟು ಜನ ನನ್ನ ಮಾತನ್ನು ಇಷ್ಟು ಗಮನವಿಟ್ಟು ಕೇಳಿ ಎಷ್ಟು ಕಾಲವಾಗಿತ್ತೋ. ಮೊನ್ನೆಯ ವಿಡಿಯೋದಲ್ಲಿ ಎಲ್ಲೆಲ್ಲಿ ಹೀಗಾಯಿತೆಂದು ಒಂದೊಂದಾಗಿ ತೆಗೆದು ತೋರಿಸಿದೆ. ಒಡಿಶಾದ ಹುಡುಗಿ ಒಂದು ಸಲವೂ ಜಾಗ ಬಿಟ್ಟಿರಲಿಲ್ಲ. "ಇದು ಕಬಡ್ಡಿ ಚಟ. ಅಲ್ಲಿ ಕಾರ್ನರ್‌ದಾಕಿ ಕಾಲಿಗೆ ಬಿದ್ದಳಂದ್ರ ಉಳಿದವರೆಲ್ಲ ಬಂದು ಮ್ಯಾಲೆ ಬೀಳ್ತಾರ, ರೇಡರ್ ಹೊರಗ ಹೋದಳು. ಇಲ್ಲಿ ಯಾರೂ ಬರಂಗಿಲ್ಲ. ದೇಶದ ಅಂಗಿ ಹಾಕ್ಕೊಳ್ಳಾಕಿಗಿ ಇಷ್ಟು ತಿಳೀಬೇಕು. ಹದಿಮೂರು ಆ ಹುಡುಗಿಗೇ ಕೊಡ್ರಿ."

ಗಾಡಿ ಸೋಲಾಪುರದ ಪ್ಲಾಟ್‌ಫಾರ್ಮಿಗೆ ಬರುವಾಗ ಮಾಸ್ತರರು ನನಗೆ ಗೆಲುವು ಕೊಟ್ಟರು. ಪೈಲ್ವಾನ ಕಾಕಾ ಕೈಕುಲುಕಿ, "ಸ್ವಂತ ಮಗಳನ್ನ ಚಿತ್ ಮಾಡಿ ಕೆಡವಿದ್ರಲ್ರಿ," ಎಂದರು. ನಾನು ಎದೆಯುಬ್ಬಿಸಿಕೊಂಡೇ ಕಚೇರಿಯತ್ತ ನಡೆದೆ. ಅರ್ಧ ದಾರಿಯಲ್ಲಿ ಒಂದು ವಿಷಯ ಕಾಲಿಗೆ ಮುಳ್ಳು ಚುಚ್ಚಿದ ಹಾಗೆ ಚುಚ್ಚಿತು. ಆ ಚಟ ಅವಳಿಗೆ ಹಚ್ಚಿದವನು ನಾನು. ಕಣದ ಸುಣ್ಣದ ಗೆರೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಕಾಲು ಕಂಡರೆ ಬಿಡಬೇಡವೆಂದು ಹೇಳಿದವನು ನಾನು. ಅಷ್ಟು ಉದ್ದದ ವಾದದಲ್ಲಿ ಅದೊಂದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಮೊಬೈಲ್ ತೆಗೆದೆ. ಅಂದು ಹಿಂದಿನ ಸೀಟಿನವರೊಬ್ಬರು ರಜೆಯ ಮೇಲಿದ್ದರು. ಸಿಸ್ಟರ್‌ಬಾಯಿ ವಾಡಿಕೆಯಂತೆ ಪೂರ್ತಿ ವಾದವನ್ನು ಗುಂಪಿಗೆ ಹಾಕಿದ್ದರು. ಕೆಳಗೆ ಹೆಬ್ಬೆರಳುಗಳು, ಚಪ್ಪಾಳೆಗಳು. ಯಾರು ಯಾರು ಕೇಳಿದ್ದಾರೆಂದು ಒತ್ತಿ ನೋಡಿದರೆ, ಪಟ್ಟಿಯ ಮೇಲೆಯೇ ನನ್ನ ಮಗಳ ಫೋಟೋ. ಕಾಲೇಜಿಗೆ ಬರುತ್ತಿದ್ದಾಗ ಗುಂಪಿಗೆ ಸೇರಿದವಳು, ಅವಳನ್ನು ಯಾರೂ ತೆಗೆದಿರಲಿಲ್ಲ. ತೆಗೆಯುವುದು ಯಾಕೆ, ಅವಳು ನಮ್ಮ ಬೋಗಿಯವಳೇ. ರೊಟ್ಟಿಯ ಡಬ್ಬಿ ಮುಚ್ಚಿಟ್ಟೆ.

ಅಂದಿನಿಂದ ಮಗಳ ಫೋನಿಲ್ಲ. ದಿನಾ ಬೆಳಿಗ್ಗೆ ಗಾಡಿ ಹೊರಡುವ ಹೊತ್ತಿಗೆ ಅವಳದೊಂದು ಮೆಸೇಜ್ ಬರುತ್ತಿತ್ತು, ಅದೂ ನಿಂತಿತು. ತಾಯಿಗೆ ಮಾತ್ರ ಫೋನು ಮಾಡುತ್ತಿದ್ದಳು, ಆರಾಮ ಇದ್ದೇನೆ ಎನ್ನುತ್ತಿದ್ದಳು. ನನ್ನ ಹೆಂಡತಿ ರೆಕಾರ್ಡಿಂಗನ್ನು ಪೂರ್ತಿ ಕೇಳಿ, ಫೋನನ್ನು ನನ್ನ ಮುಂದೆ ಇಟ್ಟಳು.

"ಕಾನೂನಂತ, ಕಾನೂನು! ಗಾಡಿಯಾಗ ಕುಂತು ಚಟ್ನಿ ತಿನ್ನೋ ನಾಕು ಮಂದಿ ಕಾನೂನು. ಅಲ್ಲಿ ಕೂಸು ಒಬ್ಬಾಕಿನ ಅದಾಳ."

"ಕಾನೂನು ಆಕಿಗೂ ಗೊತ್ತದ," ಎಂದೆ.

"ಗೊತ್ತದ. ಆದ್ರೂ ನಿನ್ನ ದನಿ ಕೇಳ್ಯಾಳಲ್ಲ. ಎಷ್ಟು ಖುಷಿಲೆ ಮಾತಾಡಿದಿ ನೋಡು."

ಅದನ್ನು ನಾನೂ ಕೇಳಿದ್ದೆ. ಖುಷಿಯಿಂದಲೇ ಮಾತಾಡಿದ್ದೆ.

ರವಿವಾರ ಬೆಳಿಗ್ಗೆ ನಾನು ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದಾಗ ಮಗಳ ಫೋನು ಬಂತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು, ತಿರುಗಿ ರೇಗಬಹುದಿತ್ತು.

"ಅಪ್ಪಾ, ನೀ ಹೇಳಿದ್ದು ಕೇಳಿದೆ. ಕೋಚ್ ಮೇಡಂನೂ ಅದನ್ನ ಹೇಳ್ಯಾರ. ಜಾಗಾ ಬಿಡತಿ ಅಂತ. ಈಗ ದಿನಾ ಅದನ್ನ ಮಾಡಾಕತ್ತೀನಿ, ಕಾಯೋದು."

"ಹೂಂ," ಎಂದೆ.

"ಒಂದು ಕೇಳಲೇನು? ಆ ಕಾನೂನು ಇರ್ಲಿಲ್ಲಂದ್ರ ನೀ ಏನು ಹೇಳ್ತಿದ್ದಿ? ಹದಿಮೂರು ಯಾರಿಗೆ ಕೊಡ್ರಿ ಅಂತಿದ್ದಿ?"

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೆ ಹಾಗೆ ಹೇಳಿದರೆ ಅವಳು ಸಮಾಧಾನಕ್ಕೆ ಹೇಳಿದ್ದೆಂದುಕೊಳ್ಳುತ್ತಾಳೆ. ಹೇಳದಿದ್ದರೆ ಆ ಮಂಗಳವಾರದ್ದೇ ನಿಜವೆಂದುಕೊಳ್ಳುತ್ತಾಳೆ. ಜೊತೆಗೆ ಕಣದ ಮಾತು ಬೇರೆ ಹೇಳುವುದು ಬಾಕಿಯಿತ್ತು.

"ಗಾಡಿ ಬಂತವ್ವಾ, ಆಮ್ಯಾಲೆ ಮಾಡ್ತೀನಿ," ಎಂದು ಫೋನು ಇಟ್ಟುಬಿಟ್ಟೆ.

ಅಂದು ರವಿವಾರ. ನಾನು ಮನೆಯಲ್ಲಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಮೇಲೆ ನಾನು ಫೋನು ಮಾಡಲೂ ಇಲ್ಲ. ಮೂರು ಸಲ ನಂಬರು ಒತ್ತಿ, ರಿಂಗಾಗುವ ಮೊದಲೇ ಇಟ್ಟೆ. ಕಬಡ್ಡಿಯಲ್ಲಿ ಯಾವ ರೇಡರ್‌ಗೂ ಹೆದರದವನು ನನ್ನ ಮಗಳ ಒಂದು ಪ್ರಶ್ನೆಗೆ ಹೆದರಿದೆನೆಂದು ಒಪ್ಪಿಕೊಳ್ಳಲು ನನಗೆ ಈಗಲೂ ಕಷ್ಟ.

ಮೂರನೆಯ ವಾರದ ಕೊನೆಗೆ ಹೆಸರುಗಳು ಬಂದವು. ಹದಿಮೂರನೆಯ ಅಂಗಿ ಒಡಿಶಾದ ಹುಡುಗಿಗೆ. ನನ್ನ ಮಗಳು ಕಾಯ್ದಿರಿಸಿದ ಆಟಗಾರರ ಪಟ್ಟಿಯಲ್ಲಿ, ಮುಂದಿನ ಶಿಬಿರಕ್ಕೆ ಬರಬೇಕೆಂಬ ಮಾತಿನೊಂದಿಗೆ. ನನ್ನ ಮಾತು ಯಾವ ಆಯ್ಕೆದಾರನ ಕಿವಿಗೂ ಬಿದ್ದಿರಲಿಕ್ಕಿಲ್ಲ ಎಂದು ನನಗೆ ಗೊತ್ತು. ಆದರೂ ಅವರು ನನ್ನ ಡಬ್ಬಿಗಳನ್ನೇ ನೋಡಿ ತೀರ್ಮಾನ ಮಾಡಿದ ಹಾಗೆ ನನಗನಿಸಿತು.

ಅವಳು ಮನೆಗೆ ಬಂದಳು. ಉಂಡಳು, ಮಲಗಿದಳು, ತಾಯಿಯ ಜೊತೆ ನಕ್ಕಳು. ನನ್ನ ಜೊತೆಯೂ ಮಾತಾಡಿದಳು: ನೀರು ಕಾದಿದೆ, ಚಹಾ ಬೇಕೇನು, ಚಪ್ಪಲಿ ಹೊರಗಿದೆ. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಅವಳು ಕೇಳಲೆಂದು ನಾನು ಕಾಯುತ್ತಿದ್ದೆ, ನಾನು ಹೇಳಲೆಂದು ಅವಳು ಕಾಯುತ್ತಿದ್ದಳೋ ಏನೋ. ಸೋಮವಾರ ಕಾಲೇಜಿನಿಂದ ಏನೋ ಕಾಗದ ತರುವುದಿದೆ, ನಿನ್ನ ಜೊತೆಯೇ ಗಾಡಿಗೆ ಬರುತ್ತೇನೆ ಎಂದಳು.

ಬೋಗಿಯಲ್ಲಿ ಅವಳನ್ನು ಕಂಡು ಹಬ್ಬವಾಯಿತು. ಸಿಸ್ಟರ್‌ಬಾಯಿ ಕೆನ್ನೆ ಹಿಂಡಿದರು. ಪೈಲ್ವಾನ ಕಾಕಾ ಭುಜ ಮುಟ್ಟಿ ನೋಡಿ, ಶಿಬಿರದಲ್ಲಿ ಏನು ಊಟ ಹಾಕುತ್ತಾರೆಂದು ವಿಚಾರಿಸಿದರು. ಆಮೇಲೆ ತಡೆಯಲಾರದೆ ಸಿಡಿದರು. "ಅನ್ಯಾಯ ಆಗ್ಯಾದ! ನಮ್ಮ ಹುಡುಗಿನ್ನ ಬಿಟ್ಟು ಹೆಂಗ ತಂಡ ಮಾಡಿದ್ರು? ಅವರಿಗೆ ಕಣ್ಣಿಲ್ಲೇನು?" ಹಿಂದಿನ ಸೀಟಿನವರೂ ಹೂಂಗುಟ್ಟಿದರು. ಮಾಸ್ತರರು ಕೈಯೆತ್ತಿ, "ವಿಷಯ ಬಂತು. ಆಯ್ಕಿ ಸರಿಯೋ ತಪ್ಪೋ?" ಎಂದರು. ಎಲ್ಲರೂ ತಪ್ಪು ಎಂದರು. ವಿರುದ್ಧ ಮಾತಾಡಲು ಮತ್ತೆ ಯಾರೂ ಇರಲಿಲ್ಲ.

"ನಾ ಮಾತಾಡ್ತೀನಿ," ಎಂದಳು ಮಗಳು. "ಕಾನೂನು ನನಗೂ ಅದ ಅಲ್ರಿ ಸರ್? ನನ್ನ ಬಗ್ಗೆ ನಾ ವಿರುದ್ಧಽ ಮಾತಾಡಬೇಕು."

ಮಾಸ್ತರರು ನನ್ನ ಮುಖ ನೋಡಿದರು. ನಾನು ಕಿಟಕಿಯ ಆಚೆ ತೊಗರಿಯ ಹೊಲ ನೋಡಿದೆ.

ಅವಳು ಡಬ್ಬಿಗಳನ್ನು ಸೀಟಿನ ಮೇಲೆ ಸಾಲಾಗಿ ಇಟ್ಟಳು. ನಾನು ಇಟ್ಟ ಕ್ರಮದಲ್ಲೇ ಇಟ್ಟಳು: ಮಾಸ್ತರರದು ಹನ್ನೆರಡು, ನನ್ನದು ಹದಿಮೂರು, ಚಟ್ನಿ ಡಬ್ಬಿ ವಿಂಗರ್, ಎದುರಿಗೆ ಮೂರು ನಿಂಬೆಹಣ್ಣು. ರೆಕಾರ್ಡಿಂಗಿನಲ್ಲಿ ಕೇಳಿಯೇ ಅಷ್ಟೂ ತಿಳಿದುಕೊಂಡಿದ್ದಳು. ಎಷ್ಟು ಸಲ ಕೇಳಿದ್ದಳೋ! "ಇಲ್ಲಿ ನೋಡ್ರಿ ಕಾಕಾ. ಕಡೀ ಪಂದ್ಯದಾಗ ನಾ ಎರಡು ಸಲ ಜಾಗಾ ಬಿಟ್ಟೆ. ಎಷ್ಟು ಕಲ್ತರೂ, ಕಾಲು ಕಂಡ ಕೂಡಲೆ ಮೈ ತಾನಽ ಹೋಗತದ. ಆಕಿ ಒಂದು ಸಲನೂ ಬಿಡಲಿಲ್ಲ. ಆಕಿ ಭಾಳ ಚಲೋ ಆಡತಾಳ್ರಿ, ಖರೇನ. ಆಯ್ಕಿ ಸರಿ ಅದ. ಅಪ್ಪ ಮೊದಲಽ ಹೇಳಿದ್ದ."

ಕೊನೆಯ ಮಾತನ್ನು ಅವಳು ಕುಟುಕಲು ಹೇಳಲಿಲ್ಲ. ಡಬ್ಬಿಯ ಮುಚ್ಚಳ ಸರಿಮಾಡುತ್ತಾ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನನಗೆ ಅಳು ಬಂತು. ಬೋಗಿಯಲ್ಲಿ ಅಳುವುದರ ಬಗ್ಗೆ ಯಾವ ಕಾನೂನೂ ಇಲ್ಲ, ಆದರೂ ಮೂಗು ಒರೆಸಿಕೊಳ್ಳುವ ನೆಪದಲ್ಲಿ ಟವೆಲ್ ಹುಡುಕಿದೆ.

ಗಾಡಿ ಆಗಷ್ಟೇ ತಿಲಾಟಿ ಬಿಟ್ಟಿತ್ತು. ಸೋಲಾಪುರ ಇನ್ನೂ ದೂರವಿತ್ತು. ನಾನು ಕಿಟಕಿಯ ಸೀಟಿನಿಂದ ಎದ್ದು ನಡುದಾರಿಯಲ್ಲಿ ನಿಂತು, ಮೇಲಿನ ಬರ್ತಿನ ಸರಪಳಿ ಹಿಡಿದುಕೊಂಡೆ.

"ಏನಾತ್ರಿ?" ಎಂದರು ಮಾಸ್ತರರು.

"ನಾ ಮಾತಾಡಬೇಕು."

"ವಿರುದ್ಧ ಏನು?"

"ಪರ. ಅದಕ್ಕಽ ಮೊದಲ ಎದ್ದೀನಿ."

ಹತ್ತೊಂಬತ್ತು ವರ್ಷದಲ್ಲಿ ನಾನು ಆ ಸೀಟನ್ನು ಸೋಲಾಪುರಕ್ಕೆ ಮುಂಚೆ ಬಿಟ್ಟದ್ದು ಅದೇ ಮೊದಲು. ಸಿಸ್ಟರ್‌ಬಾಯಿಯ ಕೈ ಮೊಬೈಲಿಗೆ ಹೋಯಿತು. ರೆಕಾರ್ಡ್ ಮಾಡ್ರಿ ಎಂದು ನಾನೇ ಹೇಳಿದೆ.

"ಆಕಿ ಹೇಳಿದ ತಪ್ಪು ಖರೇ ಅದ. ಆದ್ರ ಅದು ಆಕೀದಲ್ಲ, ನಂದು. ಕಾಲು ಕಂಡ್ರ ಬಿಡಬ್ಯಾಡ ಅಂತ ಆರು ವರ್ಷದ ಕೂಸಿಗೆ ಕಣದಾಗ ಕಲಿಸಿದಾಂವ ನಾನು. ಅವತ್ತು ಇಲ್ಲೇ ಕುಂತು ಅಷ್ಟೆಲ್ಲ ಹೇಳಿದೆ, ಇದೊಂದು ಹೇಳಲಿಲ್ಲ. ಇನ್ನ ನಿಮ್ಮ ಕಾನೂನು ಇರ್ಲಿಲ್ಲಂದ್ರ ಏನು ಹೇಳ್ತಿದ್ದಿ ಅಂತ ಆಕಿ ಕೇಳಿದ್ದಳು. ಗಾಡಿ ಬಂತು ಅಂತ ಸುಳ್ಳು ಹೇಳಿ ಫೋನ್ ಇಟ್ಟೆ. ಈಗ ಹೇಳ್ತೀನಿ. ಹದಿಮೂರು ನನ್ನ ಮಗಳಿಗೇ ಕೊಡ್ರಿ ಅಂತಿದ್ದೆ. ಅವತ್ತೂ ಅದನ್ನಽ ಅಂತಿದ್ದೆ, ಇವತ್ತೂ ಅದನ್ನಽ ಅಂತೀನಿ. ಅರ್ಧ ಕಾರಣ ರಗ್ಬೀದು, ಅರ್ಧ ನಂದು."

ಪೈಲ್ವಾನ ಕಾಕಾ ಮುಂದೆ ಬಾಗಿದರು. "ರಗ್ಬಿ ಕಾರಣ ಏನ್ರಿ?"

"ಕಾಯೋದು ಯಾರಿಗಾದ್ರೂ ಕಲಿಸಬಹುದು ಕಾಕಾ. ಮೈಮ್ಯಾಲೆ ಬರೋರ ಎದುರಿಗಿ ಹೋಗೋದು ಕಲಿಸಾಕ ಬರಂಗಿಲ್ಲ."

"ಇನ್ನ ಅರ್ಧ?"

ಮಗಳು ತಲೆ ತಗ್ಗಿಸಿ ನಿಂಬೆಹಣ್ಣುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತಿದ್ದಳು. ಇದ್ದದ್ದು ಮೂರೇ ಹಣ್ಣು, ಆದರೂ ಅವಳಿಗೆ ಬಹಳ ಹೊತ್ತು ಹಿಡಿಯಿತು.

ಮಾಸ್ತರರು ಗಂಟಲು ಸರಿಮಾಡಿಕೊಂಡು, "ಕಾನೂನು ಮುರದದ. ಸೋಲಾಪುರ ತನಕ ನಿಲ್ಲಬೇಕು," ಎಂದು ತೀರ್ಪು ಕೊಟ್ಟರು. ಆಮೇಲೆ ಸಣ್ಣ ದನಿಯಲ್ಲಿ, ಮಗನಿಗೆ ಪುಣೆಯಲ್ಲಿ ನೌಕರಿಯಾದ ವಿಷಯ ತಾನೂ ಎರಡು ತಿಂಗಳಿಂದ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ ಎಂದರು. "ಹಂಗಾದ್ರ ನೀವೂ ಏಳ್ರಿ," ಎಂದರು ಸಿಸ್ಟರ್‌ಬಾಯಿ. ಮಾಸ್ತರರು ಎದ್ದು ನನ್ನ ಪಕ್ಕದಲ್ಲಿ ನಿಂತರು.

ಹೋಟಗಿಯಲ್ಲಿ ಗಾಡಿ ಎಂದಿನಂತೆ ಕಾರಣವಿಲ್ಲದೆ ನಿಂತಿತು. ಮಂದಿ ಹತ್ತಿದರು, ನಾನು ಇನ್ನಷ್ಟು ಒತ್ತಿಕೊಂಡೆ. ನನ್ನ ಒಂದು ಕೈಯಲ್ಲಿ ಸರಪಳಿ, ಇನ್ನೊಂದರಲ್ಲಿ ಕಚೇರಿಯ ಚೀಲ. ಮೊಣಕಾಲು ನೋಯತೊಡಗಿತ್ತು, ಹಳೆಯ ಲೆಫ್ಟ್ ಕಾರ್ನರ್ ಮೊಣಕಾಲು. ಮಗಳು ನನ್ನ ಕಿಟಕಿಯ ಸೀಟಿಗೆ ಸರಿದು ಕುಳಿತಿದ್ದಳು. ಕುಂಡ್ರು ಬಾ ಎನ್ನುತ್ತಾಳೆಂದುಕೊಂಡೆ, ಬೇಡವೆನ್ನಲು ತಯಾರಾಗಿಯೂ ಇದ್ದೆ. ಅವಳು ಹಾಗನ್ನಲಿಲ್ಲ. ನಮ್ಮ ಗಾಡಿಯಲ್ಲಿ ನಿಂತವರ ಚೀಲವನ್ನು ಕುಳಿತವರು ತೊಡೆಯ ಮೇಲೆ ಇಟ್ಟುಕೊಳ್ಳುವ ವಾಡಿಕೆಯಿದೆ, ಗುರುತಿಲ್ಲದವರದ್ದೂ ಇಟ್ಟುಕೊಳ್ಳುತ್ತಾರೆ. ಅವಳು ಕೈಚಾಚಿ ನನ್ನ ಚೀಲ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು, ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದಳು, ಸೋಲಾಪುರ ಬರುವವರೆಗೆ ಬಿಡಲಿಲ್ಲ.